ಕರ್ವಾಲೊದಲ್ಲಿ ಇಲ್ಲದ ಸಾಲು

ನಿಯಮ ಮಾಡಿದವಳು ನಾನೇ. ಕೊನೆಗೆ ಅದರಲ್ಲಿ ಸಿಕ್ಕಿಬಿದ್ದವಳೂ ನಾನೇ.

ಮೈಸೂರಿನ ಸರಸ್ವತಿಪುರಂನ ನಮ್ಮ ಮನೆ ಮಹಡಿಯಲ್ಲಿ ತಿಂಗಳಿಗೊಂದು ಭಾನುವಾರ ಒಂಬತ್ತು ಜನ ಸೇರುತ್ತೇವೆ. ಸಂಘ ಅಂತ ಹೆಸರಿಲ್ಲ, ಬೋರ್ಡಿಲ್ಲ, ಅಧ್ಯಕ್ಷರಿಲ್ಲ. ಚಾಪೆ ಹಾಸಿ ಕೂತು ಒಂದು ಪುಸ್ತಕದ ಬಗ್ಗೆ ಹರಟುತ್ತೇವೆ. ಕಾಫಿ ನನ್ನದು, ಕುರುಕಲು ಬಂದವರದು. 2024ರ ಆಗಸ್ಟಿನಲ್ಲಿ ಸೇರಿದಾಗ ಬ್ಯಾಂಕಿನಲ್ಲಿ ಕೆಲಸ ಮಾಡುವ ಅಕ್ಕ ಕ್ಯಾಲೆಂಡರ್ ನೋಡಿ, "ಸೆಪ್ಟೆಂಬರ್ 8 ಭಾನುವಾರವೇ ಬಂದಿದೆ ಕಣ್ರೀ, ತೇಜಸ್ವಿ ಹುಟ್ಟಿದ ದಿನ. ಎಲ್ಲರೂ ಕರ್ವಾಲೊದಿಂದ ಒಂದೊಂದು ಇಷ್ಟದ ಸಾಲು ತನ್ನಿ. ಓದೋಣ, ಕಡುಬು ತಿನ್ನೋಣ, ಹೋಗೋಣ" ಎಂದರು. ಹಿಂದಿನ ದಿನವೇ ಗಣೇಶನ ಹಬ್ಬ. ಕಡುಬು ಹೇಗೂ ಮಿಕ್ಕಿರುತ್ತದೆ.

ಎಲ್ಲರೂ ಒಪ್ಪಿದೆವು. ಇದಕ್ಕಿಂತ ಸುಲಭದ ಕೆಲಸ ಇನ್ನೇನಿದೆ ಅನಿಸಿತ್ತು.

ಪುಸ್ತಕ ಓದದವರಿಗೆ ಎರಡು ಮಾತು. ಪೂರ್ಣಚಂದ್ರ ತೇಜಸ್ವಿಯವರ ಕಾದಂಬರಿ ಕರ್ವಾಲೊ ಬಂದದ್ದು 1980ರಲ್ಲಿ. ನಡೆಯುವುದು ಮೂಡಿಗೆರೆ ಸುತ್ತಮುತ್ತ. ಕತೆ ಹೇಳುವವನು ಬೇಸಾಯದಲ್ಲಿ ಬೇಸತ್ತು, ಜಮೀನು ಮಾರಿ ಹೊರಟುಬಿಡೋಣವಾ ಅಂತ ಯೋಚಿಸುತ್ತಿರುವ ರೈತ. ಮಂದಣ್ಣ ಅಂತ ಒಬ್ಬ ಇದ್ದಾನೆ. ಊರಿನ ಲೆಕ್ಕದಲ್ಲಿ ಯಾವ ಕೆಲಸಕ್ಕೂ ಬಾರದ ಅಲೆಮಾರಿ. ಆದರೆ ಕರ್ವಾಲೊ ಅನ್ನುವ ವಿಜ್ಞಾನಿಗೆ ಅವನು ಅಪರೂಪದ ಮನುಷ್ಯ. ಕಾಡಿನಲ್ಲಿ ಬೇರೆಯವರ ಕಣ್ಣಿಗೆ ಬೀಳದ್ದು ಅವನ ಕಣ್ಣಿಗೆ ಬೀಳುತ್ತದೆ. ಅವನು ಒಮ್ಮೆ ಹಾರುವ ಓತಿಯನ್ನು ಕಂಡಿದ್ದಾನೆ. ಕೊನೆಗೆ ಇವರೆಲ್ಲ ಅದನ್ನು ಹುಡುಕಿ ಕಾಡಿಗೆ ಹೋಗುತ್ತಾರೆ. ಬಿರಿಯಾನಿ ಕರಿಯಪ್ಪ, ಫೋಟೋ ತೆಗೆಯುವ ಪ್ರಭಾಕರ, ಕೆಲಸದ ಆಳು ಪ್ಯಾರ, ಕಿವಿ ಅನ್ನುವ ನಾಯಿ, ಎಲ್ಲರ ಮೆರವಣಿಗೆ. ಕತೆ ಇಷ್ಟೇ. ಇಷ್ಟೇ ಅಂದರೆ ಓದಿದವರು ಹೊಡೆಯಲು ಬರುತ್ತಾರೆ, ಗೊತ್ತು.

ತೊಂದರೆ ಅದೇ ರಾತ್ರಿ ಶುರುವಾಯಿತು. ನಮ್ಮ ಗುಂಪಿನಲ್ಲಿ ಪಿಯುಸಿ ಓದುವ ಹುಡುಗ ಒಬ್ಬ ಇದ್ದಾನೆ. ಮನೆಗೆ ಹೋಗಿ ಐದು ನಿಮಿಷವೂ ಆಗಿರಲಿಲ್ಲ, ತನ್ನ ಸಾಲನ್ನು ವಾಟ್ಸಾಪಿನಲ್ಲಿ ಕಳಿಸಿಬಿಟ್ಟ. ಹಿಂದೆ ಮಂಜು ಮುಸುಕಿದ ಕಾಡು, ಪಕ್ಕದಲ್ಲಿ ಗಡ್ಡದ ತೇಜಸ್ವಿ, ನಡುವೆ ದಪ್ಪಕ್ಷರದಲ್ಲಿ ಪ್ರಕೃತಿ ಮತ್ತು ಮನುಷ್ಯನ ಬಗ್ಗೆ ಎರಡು ಸಾಲು, ಕೆಳಗೆ 'ಕರ್ವಾಲೊ' ಎಂದು ಹೆಸರು. ಸಾಲು ಚೆನ್ನಾಗಿತ್ತು. ತುಂಬಾ ಚೆನ್ನಾಗಿತ್ತು. ಅದೇ ನನಗೆ ಅನುಮಾನ. ಕರ್ವಾಲೊದಲ್ಲಿ ಯಾರಾದರೂ ಒಂದು ದೊಡ್ಡ ಮಾತು ಆಡಿದರೆ ಹಿಂದೆಯೇ ಇನ್ನೊಬ್ಬ ಬಂದು ಅದರ ಗಾಳಿ ತೆಗೆಯುತ್ತಾನೆ. ಇಷ್ಟು ಇಸ್ತ್ರಿ ಮಾಡಿದ ಮಾತು ಅಲ್ಲಿ ಎಲ್ಲಿತ್ತು ಅಂತ ನೆನಪಾಗಲಿಲ್ಲ.

ಆಗ ನಾನು ಜಾಣತನ ತೋರಿಸಲು ಹೋಗಿ ಗುಂಪಿಗೆ ಒಂದು ನಿಯಮ ಹಾಕಿದೆ. ಸಾಲು ತರುವವರು ಪುಟ ತೋರಿಸಬೇಕು. ಆ ಸಾಲಿನ ಹಿಂದಿನ ಮತ್ತು ಮುಂದಿನ ಸಾಲನ್ನೂ ಓದಬೇಕು. ಬರೀ ನೆನಪಿನಿಂದ ಹೇಳುವಂತಿಲ್ಲ.

ಎಲ್ಲರೂ ಹೆಬ್ಬೆರಳು ಎತ್ತಿದರು. ಹುಡುಗನಿಂದ ಮಾತ್ರ ಉತ್ತರವಿಲ್ಲ.

ಮಾರನೇ ದಿನದಿಂದಲೇ ಫೋನುಗಳು. ಮೊದಲು ಬಂದದ್ದು ರಿಟೈರ್ಡ್ ಸೈನ್ಸ್ ಮೇಷ್ಟ್ರದು. "ನನ್ನ ಪುಸ್ತಕದಲ್ಲಿ ಇರೋ ಪುಟ ಸಂಖ್ಯೆ ನಿನ್ನ ಪುಸ್ತಕಕ್ಕೆ ಹೊಂದೋದಿಲ್ಲಮ್ಮ, ಏನ್ ಮಾಡೋದು?" ನಿಜ. ನಲವತ್ತು ವರ್ಷಕ್ಕೂ ಜಾಸ್ತಿ ಮಾರಾಟವಾಗುತ್ತಲೇ ಇರುವ ಪುಸ್ತಕ. ಒಂದೊಂದು ಮುದ್ರಣಕ್ಕೆ ಒಂದೊಂದು ಅಕ್ಷರದ ಅಳತೆ. ನನ್ನ ಪ್ರತಿಗೆ ರಕ್ಷಾಪುಟವೇ ಹೋಗಿ ಹಳೇ ಕ್ಯಾಲೆಂಡರಿನ ಹೊದಿಕೆ ಬಂದು ಎಷ್ಟೋ ಕಾಲವಾಯಿತು. ಪುಟ ಬೇಡ, ಅಧ್ಯಾಯದ ಮೊದಲಿನಿಂದ ಪ್ಯಾರಾ ಎಣಿಸೋಣ ಎಂದೆ. ಅದು ಇನ್ನೂ ದೊಡ್ಡ ಫಜೀತಿ. ಈ ಪುಸ್ತಕದಲ್ಲಿ ಎಲ್ಲರೂ ಮಾತಾಡುತ್ತಲೇ ಇರುತ್ತಾರೆ. ಒಬ್ಬ 'ಹೌದಾ' ಅಂದರೂ ಅದು ಒಂದು ಪ್ಯಾರಾ. ಬ್ಯಾಂಕಿನ ಅಕ್ಕ ಎಪ್ಪತ್ತರವರೆಗೆ ಎಣಿಸಿ, ನೋಟು ಎಣಿಸಿದ ಹಾಗೆ ಮಧ್ಯದಲ್ಲಿ ತಪ್ಪಿ, ಮತ್ತೆ ಮೊದಲಿನಿಂದ ಎಣಿಸಿದರಂತೆ. ಕೊನೆಗೆ ಯಾರ ಸಾಲೋ ಅವರೇ ತಮ್ಮ ಪುಸ್ತಕ ತರಲಿ, ಪೆನ್ಸಿಲ್ ಗುರುತು ಹಾಕಿರಲಿ ಅಂತ ತೀರ್ಮಾನವಾಯಿತು.

ಎರಡನೇ ವಾರ ಎರಡನೇ ಥರದ ಫೋನು. "ಆ ಸಾಲು ಸಿಗ್ತಾ ಇಲ್ಲ." ಒಬ್ಬರಲ್ಲ, ನಾಲ್ಕು ಜನ. ಎಲ್ಲರ ದನಿಯಲ್ಲೂ ಒಂದೇ ಥರದ ಗಾಬರಿ. ಮನೆಯೊಳಗೇ ಇಟ್ಟ ಬೀಗದ ಕೈ ಕಾಣದೇ ಹೋದಾಗ ಆಗುತ್ತದಲ್ಲ, ಹಾಗೆ. "ಇಲ್ಲೇ ಇತ್ತು ಕಣ್ರೀ. ಎಡಗಡೆ ಪುಟದ ಕೆಳಗೆ. ನಾನು ಕಣ್ಣಾರೆ ಓದಿದೀನಿ." ನಾನು ದೊಡ್ಡವಳ ಥರ ಸಮಾಧಾನ ಹೇಳುತ್ತಿದ್ದೆ. ನನ್ನ ಸಾಲು ನನಗೆ ಮೂವತ್ತು ವರ್ಷದಿಂದ ಬಾಯಿಪಾಠ. ಅದನ್ನು ಹುಡುಕುವ ಅಗತ್ಯವೇ ನನಗೆ ಕಂಡಿರಲಿಲ್ಲ.

ಹಬ್ಬದ ಮಾರನೇ ದಿನ ಸಂಜೆ ನಾಲ್ಕಕ್ಕೆ ಎಲ್ಲರೂ ಬಂದರು. ಹೊರಗೆ ಜಿಟಿಜಿಟಿ ಮಳೆ. ಬೀದಿ ಕೊನೆಯ ಪೆಂಡಾಲಿನಲ್ಲಿ ಗಣೇಶ ಕೂತಿದ್ದ. ಅವನ ಮುಂದಿನ ಸ್ಪೀಕರು ನಮ್ಮ ಕಿಟಕಿಗೇ ಮುಖ ಮಾಡಿತ್ತು. ಡಬ್ಬಿ ಬಿಚ್ಚಿದರೆ ಆರು ಮನೆಯ ಕಡುಬು, ಮೂರು ಮನೆಯ ಚಕ್ಕುಲಿ. "ಕರಿಯಪ್ಪ ಇದ್ದಿದ್ರೆ ಬಿರಿಯಾನಿ ಆಗ್ತಿತ್ತು" ಅಂತ ಯಾರೋ ಅಂದರು. "ಹಬ್ಬದ ಮಾರನೇ ದಿನ ನಮ್ಮ ಮಹಡೀಲಿ ಬೇಡಪ್ಪ" ಎಂದೆ.

ಮೊದಲು ಓದಿದ್ದು ಬ್ಯಾಂಕಿನ ಅಕ್ಕ. ಅವರದು ಶುರುವಿನ ಭಾಗ, ಮೂಡಿಗೆರೆಯ ಜೇನು ಸೊಸೈಟಿಯದು. ಸಾಲು ಸಿಕ್ಕಿತ್ತು, ಪೆನ್ಸಿಲ್ ಗುರುತೂ ಇತ್ತು. ಓದುವ ಮೊದಲೇ ನಗಲು ಶುರು ಮಾಡಿದರು. ಕಣ್ಣೊರೆಸಿಕೊಂಡು ಒಂದು ಸಾಲು ಓದಿ ನಮ್ಮೆಲ್ಲರ ಮುಖ ನೋಡಿದರು. ಯಾರೂ ನಗಲಿಲ್ಲ. ನಿಯಮದ ಪ್ರಕಾರ ಹಿಂದಿನ ಸಾಲು ಓದಿದರು. ಇಲ್ಲ. ಮುಂದಿನದು ಓದಿದರು. ಊಹುಂ. "ಇರ್ರೀ, ಇರ್ರೀ" ಅಂತ ಎರಡು ಪುಟ ಹಿಂದಕ್ಕೆ ಹೋಗಿ ಅಲ್ಲಿಂದ ಓದುತ್ತಾ ಬಂದರು. ಅದೇ ಸಾಲು ಎರಡನೇ ಸಲ ಬಂದಾಗ ಮೇಷ್ಟ್ರ ಬಾಯಲ್ಲಿದ್ದ ಚಕ್ಕುಲಿ ಚಾಪೆಯ ಮೇಲೆ ಬಿತ್ತು. ಹಾಲ್ ತುಂಬಾ ನಗು.

ಆಗ ನಮ್ಮ ತೋಟದಣ್ಣ ಒಂದು ಮಾತು ಹೇಳಿದ. ಅವನು ಶಿರಸಿ ಕಡೆಯವನು. ಊರಲ್ಲಿ ಅಡಿಕೆ ತೋಟ, ಇಲ್ಲಿ ಕಂಪ್ಯೂಟರ್ ಕೆಲಸ. "ಚಿಕ್ಕವನಿದ್ದಾಗ ತೋಟದಲ್ಲಿ ಒಂದು ಹಾರೋ ಓತಿ ಹಿಡಿದು ಬಿಸ್ಕತ್ ಡಬ್ಬಿಯಲ್ಲಿ ಇಟ್ಟಿದ್ದೆ. ಮೂರು ದಿನ ಕಾದೆ. ರೆಕ್ಕೆ ಬಿಚ್ಚಲೇ ಇಲ್ಲ. ಪಕ್ಕದ ಮನೆಯವರಿಗೆ ತೋರಿಸಿದ್ರೆ, ಇದು ಮಾಮೂಲಿ ಓತಿ ಅಲ್ವೇನೋ ಅಂತ ನಕ್ಕರು."

ನನ್ನ ಮಗಳು ಅಲ್ಲೇ ಬಾಗಿಲ ಹತ್ತಿರ ಕೂತಿದ್ದಳು. "ಹಾರೋ ಓತಿ ನಿಜವಾಗ್ಲೂ ಇದೆಯಾ? ಅದು ಕತೆ ಅಲ್ವಾ?" ಎಂದಳು. ಅಲ್ಲಿಗೆ ಸಾಲುಗಳು ಮೂಲೆಗೆ ಹೋದವು. ಮುಂದಿನ ಮುಕ್ಕಾಲು ಗಂಟೆ ಓತಿಯದೇ ಮಾತು.

ಇದೆ. ಪಶ್ಚಿಮ ಘಟ್ಟದ ಕಾಡಿನಲ್ಲಿದೆ, ಅಡಿಕೆ ತೋಟಗಳಲ್ಲಿದೆ. ತೋಟದಣ್ಣ ಮೊಬೈಲ್ ತೆಗೆದು ಊರಲ್ಲಿ ಹಿಡಿದ ವಿಡಿಯೋ ತೋರಿಸಿದ. ಮೊದಲು ನಮಗೆ ಅಡಿಕೆ ಮರ ಬಿಟ್ಟು ಏನೂ ಕಾಣಲಿಲ್ಲ. ಬೆರಳಿಟ್ಟು ತೋರಿಸಿದ. ತೊಗಟೆಯ ಬಣ್ಣ, ತೊಗಟೆಯ ಮೇಲಿನ ಕಲೆಯದೇ ಕಲೆ. ಬಾಲವೂ ಸೇರಿ ಒಂದು ಗೇಣು. ಇದ್ದಕ್ಕಿದ್ದ ಹಾಗೆ ಗಂಟಲ ಕೆಳಗಿಂದ ಹಳದಿ ಚೂರೊಂದು ಚಟ್ಟನೆ ಹೊರಗೆ ಬಂತು, ಒಳಗೆ ಹೋಯಿತು. ಮತ್ತೆ ಬಂತು, ಹೋಯಿತು. ಯಾರೋ ಅರಿಶಿನದ ಚೀಟಿ ತೋರಿಸಿ ಬಚ್ಚಿಟ್ಟ ಹಾಗೆ. "ಅದು ಗಂಡು. ಹೆಣ್ಣನ್ನು ಕರೆಯೋದಕ್ಕೆ, ಇನ್ನೊಂದು ಗಂಡನ್ನ ಹೆದರಿಸೋದಕ್ಕೆ ಹಾಗೆ ಮಾಡತ್ತೆ" ಎಂದ. ಆಮೇಲೆ ಒಂದೇ ನೆಗೆತ. ಪಕ್ಕೆಯಿಂದ ಎರಡೂ ಕಡೆ ಬೀಸಣಿಗೆ ಬಿಚ್ಚಿಕೊಂಡಿತು. ಬಡಿಯಲಿಲ್ಲ, ಸುಮ್ನೆ ತೇಲಿ ಪಕ್ಕದ ಮರಕ್ಕೆ ಅಂಟಿಕೊಂಡಿತು. ಹೊರಟದ್ದಕ್ಕಿಂತ ತಗ್ಗಿನಲ್ಲಿ ಕೂತಿತು. ಕೂತದ್ದೇ ಸರಸರ ಮೇಲಕ್ಕೆ ಹತ್ತಲು ಶುರು. ಮತ್ತೆ ಹಾರಬೇಕಲ್ಲ, ಎತ್ತರ ಬೇಕು.

"ಕೈ ಬೇರೆ ಇದೆ, ಕಾಲು ಬೇರೆ ಇದೆ. ಹಾಗಾದ್ರೆ ರೆಕ್ಕೆ ಹಿಡ್ಕೊಂಡಿರೋದು ಏನು?" ಮಗಳ ಪ್ರಶ್ನೆ. ಮೇಷ್ಟ್ರ ಮುಖ ಅರಳಿತು. "ಪಕ್ಕೆಲುಬು ಮಗಳೇ. ನಮ್ಮ ಪಕ್ಕೆಲುಬು ಎದೆಗೂಡಾಗಿ ಮುಂದೆ ಬಾಗುತ್ತೆ. ಅದರದ್ದು ಕೆಲವು ಉದ್ದಕ್ಕೆ ಬೆಳೆದು ಚರ್ಮದ ಒಳಗೆ ಹೋಗಿರುತ್ತೆ. ಬೇಕಾದಾಗ ಅಗಲ ಮಾಡುತ್ತೆ, ಬೇಡವಾದಾಗ ಮೈಗೆ ಮಡಚಿಕೊಳ್ಳುತ್ತೆ." ನಾನು ತಟ್ಟನೆ, "ಕೊಡೆ ಕಡ್ಡಿ ಥರ" ಎಂದೆ. "ಭೇಷ್, ಒಳ್ಳೇ ಹೋಲಿಕೆ" ಎಂದರು ಮೇಷ್ಟ್ರು. ಎಲ್ಲಿಂದ ಬಂತು ಆ ಹೋಲಿಕೆ ಅಂತ ಆಗ ನನಗೂ ಹೊಳೆಯಲಿಲ್ಲ.

ಮೇಷ್ಟ್ರು ಅಷ್ಟಕ್ಕೆ ಬಿಡುವವರಲ್ಲ. ಅದಕ್ಕೆ ಡ್ರಾಕೊ ಡುಸುಮಿಯೆರಿ ಅಂತ ವಿಜ್ಞಾನದ ಹೆಸರು ಬಿದ್ದದ್ದು 1837ರಲ್ಲಿ, ಡ್ರಾಕೊ ಅಂದರೆ ಲ್ಯಾಟಿನ್‌ನಲ್ಲಿ ಡ್ರ್ಯಾಗನ್, ಡುಸುಮಿಯೇ ಅನ್ನುವವನು ಹಡಗಿನಲ್ಲಿ ಓಡಾಡಿ ಪ್ರಾಣಿಗಳನ್ನು ಸಂಗ್ರಹಿಸುತ್ತಿದ್ದ ಫ್ರೆಂಚ್ ವ್ಯಾಪಾರಿ, ಎಲ್ಲ ಹೇಳಿದರು. ತೋಟದಣ್ಣ ಅದಕ್ಕೆ, "ಇರುವೆ ತಿಂದ್ಕೊಂಡು ನಮ್ಮ ಮರದಲ್ಲಿ ಇರತ್ತೆ, ಮೊಟ್ಟೆ ಇಡೋಕೆ ಮಾತ್ರ ಹೆಣ್ಣು ನೆಲಕ್ಕಿಳಿಯತ್ತೆ. ನಮಗೆ ಡ್ರ್ಯಾಗನ್ ಅಲ್ಲ ಸಾರ್ ಅದು" ಎಂದ.

ಬ್ಯಾಂಕಿನ ಅಕ್ಕನಿಗೆ ಸ್ವಲ್ಪ ಬೇಜಾರಾದ ಹಾಗಿತ್ತು. "ಅಯ್ಯೋ, ದಿನಾ ಕಾಣೋ ಪ್ರಾಣಿನಾ? ನಾನು ಅದು ಪ್ರಪಂಚದಲ್ಲಿ ಒಂದೇ ಒಂದು ಅಂದ್ಕೊಂಡಿದ್ದೆ." ಕಾದಂಬರಿಯ ಓತಿ ಲಕ್ಷಾಂತರ ವರ್ಷ ಹಿಂದಿನ ಕಾಲದಿಂದ ಉಳಿದು ಬಂದ ಜೀವಿ, ಕರ್ವಾಲೊ ಅದನ್ನು ನೋಡುವ ರೀತಿಯೇ ಬೇರೆ, ತೋಟದ್ದನ್ನು ತಂದು ಅಲ್ಲಿ ಕೂರಿಸಬೇಡಿ ಅಂತ ಮೇಷ್ಟ್ರ ವಾದ. ತೋಟದಣ್ಣನದು ಬೇರೆ. "ನಾನು ಹುಟ್ಟಿದಾಗಿಂದ ನೋಡ್ತಿದ್ದೆ ಸಾರ್. ಡಿಗ್ರಿ ಓದುವಾಗ ಕರ್ವಾಲೊ ಓದಿ ರಜಕ್ಕೆ ಊರಿಗೆ ಹೋದೆ. ಅವತ್ತು ಮೊದಲ ಸಲ ಒಂದು ಓತಿ ಮುಂದೆ ಅರ್ಧ ಗಂಟೆ ನಿಂತೆ. ಅಪ್ಪ, ಇವನಿಗೇನಾಯ್ತು ಅಂತ ಅಡಿಕೆ ಗೊನೆಗೆ ಕಟ್ಟೋ ಕೊಟ್ಟೆ ಹಾಳೆ ಕೈಲಿ ಹಿಡ್ಕೊಂಡು ನೋಡ್ತಿದ್ರು."

ಅವನು ತಂದ ಸಾಲನ್ನು ಅವನು ಓದಲೇ ಇಲ್ಲ. ನಾವೂ ಕೇಳುವುದು ಮರೆತೆವು.

ಮೇಷ್ಟ್ರು ಓದಿದ್ದು ಕರ್ವಾಲೊ ಮಂದಣ್ಣನ ಬಗ್ಗೆ ಮಾತಾಡುವ ಭಾಗ. ಊರು ಪೋಲಿ ಅಂತ ತಳ್ಳಿದವನ ಬಗ್ಗೆ ವಿಜ್ಞಾನಿ ಗೌರವದಿಂದ ಮಾತಾಡುತ್ತಾನೆ, ಕತೆ ಹೇಳುವವನಿಗೆ ಅದು ಹೊಟ್ಟೆಗೆ ಇಳಿಯುವುದಿಲ್ಲ. ಮೇಷ್ಟ್ರು ಚೆನ್ನಾಗಿ ಓದಿದರು. ಓದಿ ಮುಗಿಸಿ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಾ ಕೂತರು. ಆಮೇಲೆ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಹಳ್ಳಿ ಶಾಲೆ. ಎಂಟನೇ ಕ್ಲಾಸಿನ ಹುಡುಗನೊಬ್ಬ ಬೆಂಕಿಪೊಟ್ಟಣದಲ್ಲಿ ಹಸಿರು ಜೀರುಂಡೆ ತಂದಿದ್ದ. ಪಾಠದ ಮಧ್ಯೆ ಅದು ತಪ್ಪಿಸಿಕೊಂಡು ಹುಡುಗಿಯರ ಸಾಲಿಗೆ ಹಾರಿತು. ಕ್ಲಾಸು ಅಲ್ಲೋಲಕಲ್ಲೋಲ. ಮೇಷ್ಟ್ರು ಅವನನ್ನು ಕರೆದು ಬೆತ್ತದಲ್ಲಿ ಎರಡು ಬಿಟ್ಟರು. ಜೀರುಂಡೆಯನ್ನು ಕಿಟಕಿಯಿಂದ ಆಚೆ ಎಸೆದರು. ಆಮೇಲೆ ಬೋರ್ಡಿನ ಕಡೆ ತಿರುಗಿ ಪಾಠ ಮುಂದುವರಿಸಿದರು.

"ಏನು ಪಾಠ ಗೊತ್ತಾ?" ಎಂದರು. "ಕೀಟಗಳ ಲಕ್ಷಣಗಳು. ಆರು ಕಾಲು, ಮೂರು ಭಾಗ. ಬೋರ್ಡ್ ಮೇಲೆ ಚಿತ್ರ ಬರೀತಿದ್ದೆ."

ಯಾರೂ ಮಾತಾಡಲಿಲ್ಲ. "ಆ ವರ್ಷ ಬೇಸಿಗೆ ರಜದಲ್ಲಿ ಈ ಪುಸ್ತಕ ಕೈಗೆ ಬಂತು. ಓದ್ತಾ ಓದ್ತಾ ಈ ಜಾಗಕ್ಕೆ ಬಂದಾಗ ಪುಸ್ತಕ ಮಡಚಿಟ್ಟೆ. ಜೂನ್‌ನಲ್ಲಿ ಶಾಲೆ ಶುರುವಾದಾಗ ಅವನು ಬರಲಿಲ್ಲ. ಮೇಕೆ ಕಾಯೋದಕ್ಕೆ ಹಾಕಿದ್ರಂತೆ." ಪಕ್ಕದ ಮನೆ ಆಂಟಿ ಎದ್ದು ಎಲ್ಲರಿಗೂ ಎರಡನೇ ಸುತ್ತು ಕಾಫಿ ಬಗ್ಗಿಸಿದರು. ಆಗ ಬೇಕಾಗಿದ್ದದ್ದೂ ಅದೇ.

ಆಂಟಿಯ ಸರದಿ ಮಜವಾಗಿತ್ತು. ಅವರಿಗೆ ಇಡೀ ಪುಸ್ತಕದಲ್ಲಿ ಇಷ್ಟ ನಾಯಿ. ಕಿವಿ ಮಾಡುವ ಒಂದು ಅವಾಂತರವನ್ನು ಕೈಕಾಲು ಆಡಿಸಿ ವರ್ಣಿಸಿದರು. ಸಾಲು ಮಾತ್ರ ಪುಸ್ತಕದಲ್ಲಿ ಸಿಕ್ಕಿರಲಿಲ್ಲ. ಪಿಯುಸಿ ಹುಡುಗ ಮೆಲ್ಲಗೆ, "ಆಂಟಿ, ಅದು ಪರಿಸರದ ಕತೆ ಪುಸ್ತಕದ್ದು. ಅದರಲ್ಲೂ ಕಿವಿ ಇದೆ, ಪ್ಯಾರನೂ ಇದಾನೆ. ಕಿವಿಯೊಡನೆ ಒಂದು ದಿನ ಅಂತ ಒಂದು ಬರಹನೇ ಇದೆ" ಎಂದ. ಇಬ್ಬರೂ ಎರಡು ಪುಸ್ತಕದಲ್ಲಿ ಓಡಾಡಿಕೊಂಡಿದ್ದರೆ ಓದುವವರು ಏನು ಮಾಡಬೇಕು ಹೇಳಿ. ಆಂಟಿ ಸೋಲೊಪ್ಪಲಿಲ್ಲ. "ಯಾವ ಪುಸ್ತಕದ್ದಾದ್ರೆ ಏನಪ್ಪಾ? ನಾಯಿ ಅದೇ ತಾನೇ?"

ಇದಕ್ಕೆ ನಿಯಮದಲ್ಲಿ ಉತ್ತರ ಇರಲಿಲ್ಲ. ಪಾಸು ಮಾಡಿದೆವು.

ಹುಡುಗ ತನ್ನ ಸರದಿ ಬಂದಾಗ ತಲೆ ತಗ್ಗಿಸಿ, "ನನ್ನ ಸಾಲು ಇಲ್ಲ" ಎಂದ. ಆ ಫಾರ್ವರ್ಡ್ ಸಾಲನ್ನು ಹುಡುಕಿ ಕರ್ವಾಲೊವನ್ನು ಎರಡು ಸಲ ಮೊದಲಿನಿಂದ ಕೊನೆಯವರೆಗೆ ಓದಿದ್ದಾನೆ. ಸಿಗಲಿಲ್ಲ. ತೇಜಸ್ವಿಯವರ ಬೇರೆ ಪುಸ್ತಕದಲ್ಲಿ ಇರಬಹುದು ಅಂತ ಪರಿಸರದ ಕತೆ ಓದಿದ್ದಾನೆ. ಜುಗಾರಿ ಕ್ರಾಸ್ ಅರ್ಧ ಆಗಿದೆ. "ಮೊದಲು ನಾನು ಕರ್ವಾಲೊ ಓದೇ ಇರಲಿಲ್ಲ ಅಕ್ಕ. ಆ ಚಿತ್ರ ಚೆನ್ನಾಗಿತ್ತು ಅಂತ ಸುಮ್ನೆ ಕಳಿಸಿದ್ದೆ" ಎಂದು ಒಪ್ಪಿಕೊಂಡ. ಎಲ್ಲರೂ ಅವನ ಬೆನ್ನು ತಟ್ಟಿದರು. ನಾನೂ ತಟ್ಟಿದೆ, ಸ್ವಲ್ಪ ಜೋರಾಗಿಯೇ. ತಪ್ಪು ಸಾಲು ಹಂಚಬಾರದು ಕಣೋ, ಪುಸ್ತಕ ನೋಡಿ ಹೇಳಬೇಕು, ಅದು ಬರೆದವರಿಗೆ ಕೊಡುವ ಮರ್ಯಾದೆ ಅಂತ ಒಂದು ಸಣ್ಣ ಭಾಷಣವನ್ನೂ ಮಾಡಿದೆ. ಆ ಭಾಷಣ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅಂದ ಹಾಗೆ, ಯಾರು ಯಾವ ಸಾಲು ಓದಿದರು ಅಂತ ನಾನು ಇಲ್ಲಿ ಬರೆಯುತ್ತಿಲ್ಲ. ಬರೆದರೆ ನಾಳೆ ಯಾರೋ ಅದರ ಹಿಂದೆ ಮಂಜಿನ ಕಾಡು ಅಂಟಿಸುತ್ತಾರೆ.

ಕೊನೆಯ ಸರದಿ ನನ್ನದು. ನನ್ನ ಸಾಲು ಪುಸ್ತಕದ ಕೊನೆಯದು. ಅಷ್ಟು ಕಷ್ಟಪಟ್ಟು ಹುಡುಕಿದ ಓತಿ ಎಲ್ಲರ ಕಣ್ಣೆದುರೇ ಹಾರಿ, ಬೆಟ್ಟದಂಚಿನಿಂದಾಚೆ ತೇಲಿಹೋಗುತ್ತದಲ್ಲ, ಆಗ ಕರ್ವಾಲೊ ತಿರುಗಿ, "ಅದು ನಮ್ಮನ್ನ ಒಂದ್ಸಲ ನೋಡ್ತಲ್ಲ, ಸಾಕು ಬಿಡಿ" ಅನ್ನುತ್ತಾರೆ. ಈ ಮಾತನ್ನು ನಾನು ಎಷ್ಟು ಸಲ ಬಳಸಿದ್ದೇನೋ ಲೆಕ್ಕವಿಲ್ಲ. ಒಮ್ಮೆ ನಾಗರಹೊಳೆಯಲ್ಲಿ ಚಿರತೆಯೊಂದು ರಸ್ತೆ ದಾಟಿತು. ಮಗಳು ಕ್ಯಾಮೆರಾ ತೆಗೆಯುವಷ್ಟರಲ್ಲಿ ಮಾಯ. ಅವಳು ಮುಖ ಊದಿಸಿ ಕೂತಾಗ ಇದನ್ನೇ ಹೇಳಿದ್ದೆ. ಆಫೀಸಿನಲ್ಲಿ ಒಬ್ಬರು ವರ್ಗವಾಗಿ ಹೋಗುವಾಗ ಕಾರ್ಡಿನಲ್ಲಿ ಇದನ್ನೇ ಬರೆದು ಕೆಳಗೆ 'ಕರ್ವಾಲೊ' ಎಂದು ಹಾಕಿದ್ದೆ. ಹೌದು, ಹುಡುಗ ಕಳಿಸಿದ ಚಿತ್ರದಲ್ಲಿ ಇದ್ದ ಹಾಗೆಯೇ.

ಕೊನೆಯ ಭಾಗ ಪೂರ್ತಿ ಜೋರಾಗಿ ಓದುತ್ತೇನೆ, ಸಾಲು ತಾನಾಗಿ ಬರುತ್ತದೆ ಎಂದೆ. ಕ್ಯಾಲೆಂಡರ್ ಹೊದಿಕೆಯ ಪುಸ್ತಕ ತೆಗೆದೆ. ಅಷ್ಟರಲ್ಲಿ ಪೆಂಡಾಲಿನ ಹಾಡು ನಿಂತಿತ್ತು. ಮಂಗಳಾರತಿಯ ಹೊತ್ತು ಅನ್ನಿಸುತ್ತೆ. ಓದುತ್ತಾ ಹೋದೆ. ಓತಿಯ ಹಿಂದೆ ಎಲ್ಲರೂ ಬೀಳುತ್ತಾರೆ. ಓಡುತ್ತಾರೆ, ಎಡವುತ್ತಾರೆ. ಎಷ್ಟೋ ಸಲ ಓದಿದ್ದರೂ ಕೈಯಲ್ಲಿ ಪುಸ್ತಕ ಸ್ವಲ್ಪ ನಡುಗುತ್ತಿತ್ತು. ಮಗಳು ಬಾಗಿಲ ಹತ್ತಿರದಿಂದ ಎದ್ದು ಮುಂದೆ ಬಂದು ಕೂತಳು. ಓತಿ ಹಾರಿತು.

ಈಗ ಬರುತ್ತೆ ಅಂದುಕೊಂಡೆ. ಬರಲಿಲ್ಲ. ಇನ್ನೂ ಓದಿದೆ. ಇನ್ನು ಕೆಲವೇ ಸಾಲು ಇತ್ತು. ಅದೂ ಮುಗಿಯಿತು. ಪುಟ ತಿರುಗಿಸಿದೆ. ಖಾಲಿ. ಹಿಂದಿನ ಪುಟಕ್ಕೆ ಬಂದೆ. ಎರಡು ಹಾಳೆ ಅಂಟಿಕೊಂಡಿರಬಹುದು ಅಂತ ಉಗುರಿನಲ್ಲಿ ಬಿಡಿಸಲು ನೋಡಿದೆ. ಒಂದೇ ಹಾಳೆ. ಮೇಷ್ಟ್ರು ತಮ್ಮ ಪ್ರತಿ ನೋಡಿದರು, ಹುಡುಗ ತನ್ನ ಹೊಸ ಪ್ರತಿ ನೋಡಿದ. ಮೂರು ಪುಸ್ತಕದಲ್ಲೂ ಇಲ್ಲ.

"ಮುಂಚೆ ಎಲ್ಲಾದ್ರೂ ಇರಬಹುದು ಅಕ್ಕ" ಎಂದ ಹುಡುಗ, ತುಂಬಾ ಮೆತ್ತಗೆ. ಆ ಮೆತ್ತಗಿನ ದನಿಯೇ ಜಾಸ್ತಿ ಚುಚ್ಚಿತು. ಇಡೀ ಪುಸ್ತಕ ಎರಡು ಸಲ ಓದಿದವನು ಅವನು. ಇಲ್ಲ ಅಂತ ಅವನಿಗೆ ಗೊತ್ತು.

ಆಂಟಿ, "ಹೋಗ್ಲಿ ಬಿಡೇ, ಒಂದ್ಸಲ ಕೇಳಿಸ್ಕೊಂಡ್ವಲ್ಲ, ಸಾಕು" ಅಂದರು. ಹಾಲ್ ಪೂರ್ತಿ ನಕ್ಕಿತು. ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಲೋಟ ತೊಳೆಯುತ್ತಾ ಅದೇ ಯೋಚನೆ. ಇಲ್ಲದ ಸಾಲು ಬಂದದ್ದಾದರೂ ಎಲ್ಲಿಂದ? ನನ್ನ ತಲೆ ಅಂಥದ್ದನ್ನು ಕಟ್ಟುವಷ್ಟು ಚುರುಕಲ್ಲ. ಕೈಯಲ್ಲಿ ಸೋಪಿನ ನೊರೆ, ಮೂಲೆಯಲ್ಲಿ ಮೇಷ್ಟ್ರು ಮರೆತುಹೋದ ಕಪ್ಪು ಕೊಡೆ ನೀರು ಸೋರಿಸುತ್ತಾ ನಿಂತಿತ್ತು. ಕೊಡೆ ಕಡ್ಡಿ. ಆಗ ನೆನಪಾಯಿತು.

ಹಾಸನದಲ್ಲಿ ಪಿಯುಸಿ ಓದುವಾಗ ನಮಗೊಬ್ಬರು ಬಯಾಲಜಿ ಲೆಕ್ಚರರು ಇದ್ದರು. ಸರೀಸೃಪಗಳ ಪಾಠ ಮಾಡುವ ದಿನ ಪಠ್ಯ ಪಕ್ಕಕ್ಕಿಟ್ಟು ಕರ್ವಾಲೊ ಕತೆ ಹೇಳಿದ್ದರು. ಒಂದು ಪೂರ್ತಿ ಪೀರಿಯಡ್ಡು, ಮುಂದಿನ ಪೀರಿಯಡ್ಡಿನ ಅರ್ಧ. ನಾನು ಲೈಬ್ರರಿಯಿಂದ ಪುಸ್ತಕ ತಂದು ಓದಿದ್ದು ಅದಾದ ಮೇಲೆ. ಅವರು ಓತಿಯ ರೆಕ್ಕೆ ತೋರಿಸಲು ಯಾರದೋ ಕೊಡೆ ತೆಗೆದುಕೊಂಡು ಅರ್ಧ ಬಿಚ್ಚಿ, ಮಡಚಿ, ಬಿಚ್ಚಿ, ಮಡಚಿ ಮಾಡಿದ್ದರು. ಕೊನೆಗೆ ಕಿಟಕಿಯ ಕಡೆ ಕೊಡೆ ಚಾಚಿ, ಓತಿ ಹೋಯಿತು ಅಂತ ತೋರಿಸಿ, ನಮ್ಮ ಕಡೆ ತಿರುಗಿ ಏನೋ ಹೇಳಿದ್ದರು. ಆ ಮಾತೇ ಇದು. ಪುಸ್ತಕ ಓದುವಾಗ ನಾನು ಅದನ್ನು ನನ್ನ ಕಡೆಯಿಂದ ಸೇರಿಸಿಕೊಂಡೇ ಓದಿರಬೇಕು.

ಖಾತ್ರಿ ಮಾಡಿಕೊಳ್ಳೋಣ ಅಂತ ಅದೇ ಕ್ಲಾಸಿನ ಗೆಳತಿಗೆ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿದೆ. ಈಗ ಅವಳು ದಾವಣಗೆರೆಯಲ್ಲಿದ್ದಾಳೆ. "ಕರ್ವಾಲೊ ಕ್ಲಾಸು ನೆನಪಿದೆಯೇನೇ?" ಎಂದೆ. "ಅಯ್ಯೋ, ಮರೆಯೋಕಾಗುತ್ತಾ?" ಎಂದಳು. ನನ್ನ ಸಾಲು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಲ್ಲ ಕಣೇ. ಅವರು ಹೇಳಿದ್ದು, ಅಲ್ಲಿ ಯಾರು ಯಾರನ್ನ ಹುಡುಕ್ತಿದ್ರೋ ಗೊತ್ತಾಗಲಿಲ್ಲ ಅಂತ. ನಂಗೆ ಚೆನ್ನಾಗಿ ನೆನಪಿದೆ" ಎಂದಳು.

"ಇಲ್ಲ ಕಣೇ, ನೋಡ್ತಲ್ಲ ಸಾಕು ಬಿಡಿ ಅಂದ್ರು."

"ಇಲ್ವೇ ಇಲ್ಲ."

ಪುಟ ತೋರಿಸು ಅನ್ನೋಣವೆಂದರೆ ಯಾವ ಪುಟ? ಲೆಕ್ಚರರನ್ನೇ ಕೇಳೋಣ ಅಂದರೆ ಅವರು ತೀರಿಕೊಂಡು ಹತ್ತು ವರ್ಷವಾಯಿತು. ಇಬ್ಬರೂ ಹಟ ಬಿಡದೆ ಕಾಲು ಗಂಟೆ ಜಗಳವಾಡಿದೆವು.

"ಹೋಗ್ಲಿ, ಆ ಕೊಡೆ ಯಾರದ್ದು ಅಂತನಾದ್ರೂ ನೆನಪಿದೆಯಾ?" ಎಂದೆ.

"ನಂದೇ ಕಣೇ! ಹೂವಿನ ಕೊಡೆ, ಹೊಸದು. ಬಿಚ್ಚಿ ಮಡಚಿ ಬಿಚ್ಚಿ ಮಡಚಿ ಒಂದು ಕಡ್ಡಿ ಮುರಿದೇ ವಾಪಸ್ ಕೊಟ್ಟಿದ್ರು. ಮನೆಗೆ ಹೋದ ಮೇಲೆ ನಮ್ಮಮ್ಮ ಬೈದಿದ್ದು ಇವತ್ತಿಗೂ ಒಂದಕ್ಷರ ಬಿಡದೆ ನೆನಪಿದೆ."

ಹೇಳು ಅಂದೆ. ಹೇಳಿದಳು. ಅದನ್ನಂತೂ ಇಲ್ಲಿ ಬರೆಯೋಕಾಗಲ್ಲ.